ಗೋಪುರದ ತುದಿ, ಗೋಪುರದ ಬುಡ

ಊರಿನಲ್ಲಿ ಹೊಸದೊಂದು ಮೊಬೈಲು ಗೋಪುರವು ಏಳಲಿದೆಯೆಂಬ ಸುದ್ದಿ ಹರಡಿತೆಂದರೆ ಮೂರನೆಯ ದಿನಕ್ಕೆ ಒಂದು ಮನವಿಪತ್ರವು ಸಿದ್ಧವಾಗುವುದು. ಗುಬ್ಬಚ್ಚಿಗಳು ಊರು ಬಿಡುವುವೆಂದೂ, ತೆಂಗು ಹೀಚಿನಲ್ಲಿಯೇ ಉದುರುವುದೆಂದೂ, ಗರ್ಭಿಣಿಯರಿಗೂ ಹಸುಳೆಗಳಿಗೂ ಅಪಾಯವೆಂದೂ ಅದರಲ್ಲಿ ಬರೆದಿರುವುದು. ಸಹಿ ಮಾಡಿದವರಲ್ಲಿ ಉಪಾಧ್ಯಾಯರು, ವರ್ತಕರು, ವಕೀಲರು ಎಲ್ಲರೂ ಇರುವರು. ಆ ಮನವಿಯ ಚಿತ್ರವನ್ನು ಅದೇ ಸಂಜೆ ಮೊಬೈಲಿನಲ್ಲಿಯೇ ಊರಿಗೆಲ್ಲ ಹಂಚುವರೆಂಬುದು ಬೇರೆಯ ಮಾತು. ಮನವಿಯು ಕಚೇರಿಯಿಂದ ಕಚೇರಿಗೆ ತಿರುಗುತ್ತಿರುವಾಗಲೇ ಗೋಪುರವು ಎದ್ದು ನಿಲ್ಲುವುದು. ನಿಂತ ಮೇಲೆ ಅದರ ಬುಡದಲ್ಲಿ ತಗಡಿನ ದೊಡ್ಡ ಪೆಟ್ಟಿಗೆಯೊಂದು ಬಂದು ಕುಳಿತುಕೊಳ್ಳುವುದು. ತಂತಿಯಲ್ಲಿ ವಿದ್ಯುತ್ತು ಹೋದೊಡನೆ ಆ ಪೆಟ್ಟಿಗೆಯು ಗುಡುಗುಡಿಸಿ ಎಚ್ಚತ್ತು, ಪಕ್ಕದ ಮನೆಯ ಕಿಟಕಿಗೆ ಹೊಗೆಯನ್ನು ಕಳುಹುವುದು. ಈ ಹೊಗೆಯ ವಿಷಯದಲ್ಲಿ ಮನವಿಯನ್ನು ಬರೆಯುವವರು ಬಹು ವಿರಳ.

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವುದು. ಗೋಪುರದ ತುದಿಯನ್ನು ಕುರಿತು ಹದಿನೈದು ವರ್ಷಗಳಿಂದ ಸಭೆಗಳು ನಡೆದುವು, ವ್ಯಾಜ್ಯಗಳು ನಡೆದುವು, ಸರ್ಕಾರವೂ ಬಲು ಬೇಗನೆ ಎಚ್ಚತ್ತು ನಿಯಮವನ್ನು ಬಿಗಿಗೊಳಿಸಿತು. ಗೋಪುರದ ಬುಡದಲ್ಲಿ ಏನು ಉರಿಯುತ್ತಿದೆ, ಎಷ್ಟು ಉರಿಯುತ್ತಿದೆ, ಅದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸುವರು ಎಂಬ ಪ್ರಶ್ನೆಯನ್ನು ಮಾತ್ರ ಜನರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅವಸರವು ಕಂಪನಿಗಳಿಗೂ ಇರಲಿಲ್ಲ. ಭಯವು ತಪ್ಪು ಸ್ಥಳದಲ್ಲಿ ಬಿದ್ದರೆ ಅದರಿಂದ ಆಗುವ ನಷ್ಟವು ಇಮ್ಮಡಿಯಾದುದು. ಇಲ್ಲದ ಶತ್ರುವಿನ ಮೇಲೆ ಬಲವು ವ್ಯಯವಾಗುವುದು. ಇರುವ ಶತ್ರುವು ಮನೆಯೊಳಗೆ ಬೆಳೆಯುವುದು.

ಈ ಎರಡು ಭಯಗಳ ತೂಕವನ್ನು ನೋಡಬೇಕಾದರೆ ಒಂದೇ ತಕ್ಕಡಿಯಲ್ಲಿ ನೋಡುವುದು ನ್ಯಾಯ. ಅಂತಹ ತಕ್ಕಡಿಯೊಂದು ಉಂಟು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿದೆ. ರೇಡಿಯೋ ಅಲೆಗಳನ್ನು ಅದು ೨೦೧೧ರ ಮೇ ತಿಂಗಳಲ್ಲಿ '೨ಬಿ' ಎಂಬ ವರ್ಗಕ್ಕೆ ಸೇರಿಸಿತು. ಎಂದರೆ, ಕ್ಯಾನ್ಸರನ್ನು ಉಂಟುಮಾಡುವ ಸಂಭವವಿದ್ದರೂ ಇರಬಹುದು, ಸಾಕ್ಷ್ಯವು ಸಾಲದು ಎಂದು ಅರ್ಥ. ಆ ಸುದ್ದಿಯು ಪತ್ರಿಕೆಗಳ ಮೊದಲನೆಯ ಪುಟವನ್ನು ತುಂಬಿತು. ಆ ದಿನ ಅದೇ ವರ್ಗದಲ್ಲಿ ಕಾಫಿಯೂ ಇತ್ತೆಂಬುದನ್ನು, ೨೦೧೬ರ ವರೆಗೂ ಅದು ಅಲ್ಲಿಯೇ ಇತ್ತೆಂಬುದನ್ನು, ಚಿಕ್ಕಮಗಳೂರಿನಲ್ಲಿಯಾಗಲಿ ಕೊಡಗಿನಲ್ಲಿಯಾಗಲಿ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಬೆಳಗಿನ ಕಾಫಿಯನ್ನು ಕುಡಿಯುತ್ತಲೇ ಗೋಪುರದ ಸುದ್ದಿಯನ್ನು ಓದಿ ಬೆದರಿದರು. ಮುಂದಿನ ವರ್ಷ, ೨೦೧೨ರ ಜೂನಿನಲ್ಲಿ, ಅದೇ ಸಂಸ್ಥೆಯು ಡೀಸೆಲ್ ಯಂತ್ರದ ಹೊಗೆಯನ್ನು ಒಂದನೆಯ ವರ್ಗಕ್ಕೆ ಏರಿಸಿತು. ಹೊಗೆಸೊಪ್ಪು, ಕಲ್ನಾರು ಮೊದಲಾದುವುಗಳ ಪಂಕ್ತಿ ಅದು. ಅಲ್ಲಿ 'ಇರಬಹುದು' ಎಂಬ ಮಾತಿಲ್ಲ. ಕ್ಯಾನ್ಸರ್ ಉಂಟುಮಾಡುವುದೆಂದೇ ತೀರ್ಮಾನ. ವರ್ಗವು ಸಾಕ್ಷ್ಯದ ಬಲವನ್ನು ಹೇಳುವುದೇ ಹೊರತು ಅಪಾಯದ ಅಳತೆಯನ್ನಲ್ಲ ಎಂಬುದು ನಿಜ. ಈ ತೀರ್ಮಾನಕ್ಕೆ ಮುಖ್ಯವಾದ ಆಧಾರವು ಗಣಿಯೊಳಗೆ ವರ್ಷಗಟ್ಟಲೆ ಹೊಗೆಯನ್ನುಂಡು ದುಡಿದವರಿಂದ ದೊರೆತುದೆಂಬುದೂ ನಿಜ. ಇಷ್ಟನ್ನೂ ಒಪ್ಪಿದ ಮೇಲೆಯೂ ಉಳಿಯುವ ಸಂಗತಿ ಇದು: ಒಂದೇ ಗೋಪುರದ ತುದಿಯಲ್ಲಿ ಸಂದೇಹವಿದೆ, ಬುಡದಲ್ಲಿ ನಿಶ್ಚಯವಿದೆ. ಜನರು ಸಂದೇಹಕ್ಕೆ ಅಂಜಿ ನಿಶ್ಚಯವನ್ನು ಉಸಿರಾಡಿದರು.

ಸರ್ಕಾರವು ಜನಾಭಿಪ್ರಾಯಕ್ಕೆ ತಲೆಬಾಗಿ, ೨೦೧೨ರ ಸೆಪ್ಟೆಂಬರ್ ೧ರಿಂದ ಗೋಪುರಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಪ್ರಮಾಣದ ಹತ್ತರಲ್ಲೊಂದು ಪಾಲಿಗೆ ಇಳಿಸಿತು. ೯೦೦ ಮೆಗಾಹರ್ಟ್ಸ್ ಅಲೆಗಳಿಗೆ ಚದರ ಮೀಟರಿಗೆ ೪.೫ ವಾಟ್ ಇದ್ದ ಮಿತಿಯು ೦.೪೫ ವಾಟ್ ಆಯಿತು. ಎಚ್ಚರಿಕೆಯು ಒಳ್ಳೆಯದೇ. ಆದರೆ ಮೆಲ್ಲನೆ ನುಡಿಯುವವನ ಮಾತು ದೂರಕ್ಕೆ ಕೇಳಿಸದು. ಕಡಿಮೆ ಶಕ್ತಿಯಿಂದ ಸಾರುವ ಗೋಪುರವು ಕಡಿಮೆ ನೆಲವನ್ನು ಮುಟ್ಟುವುದು, ಉಳಿದ ನೆಲಕ್ಕೆ ಇನ್ನೊಂದು ಗೋಪುರವು ಬೇಕಾಗುವುದು. ಇನ್ನೊಂದು ಗೋಪುರವೆಂದರೆ ಅದರ ಬುಡದಲ್ಲಿ ಇನ್ನೊಂದು ಪೆಟ್ಟಿಗೆ. ಗೋಪುರವನ್ನು ಊರಿನಿಂದ ಹೊರಗೆ ಅಟ್ಟಿದವರಿಗೆ ಮತ್ತೊಂದು ಫಲವೂ ಕಾದಿರುವುದು. ಗೋಪುರವು ದೂರವಾದಷ್ಟೂ ಕೈಯಲ್ಲಿರುವ ಫೋನು ಹೆಚ್ಚು ಬಲದಿಂದ ಕೂಗಬೇಕು. ಆ ಫೋನು ಇರುವುದು ಕಿವಿಯ ಪಕ್ಕದಲ್ಲಿ. ವಿಕಿರಣಕ್ಕೆ ನಿಜವಾಗಿಯೂ ಅಂಜುವವನು ಗೋಪುರವನ್ನು ಹತ್ತಿರಕ್ಕೆ ಕರೆಯಬೇಕಾಗಿತ್ತು.

ಇನ್ನು ಬುಡದ ವಿಚಾರ. ಜನರ ಬಾಯಲ್ಲಿ 'ಟವರ್' ಎಂದಾಗಿರುವ ಈ ವಸ್ತುವಿನಲ್ಲಿ ಉಕ್ಕಿನ ಕಂಬವು ಬರಿಯ ಆಧಾರ. ಅದು ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಬೇಸ್ ಸ್ಟೇಷನ್ ಎಂಬ ಯಂತ್ರಸಮೂಹ. ತುದಿಯಲ್ಲಿರುವ ಆಂಟೆನಾಗಳಿಗೆ ಅಲೆಯನ್ನು ಬಲಪಡಿಸಿ ಕಳುಹುವ ಆಂಪ್ಲಿಫೈಯರುಗಳು, ಮಾತನ್ನೂ ಅಕ್ಷರವನ್ನೂ ಅಂಕಿಗಳಾಗಿ ಮಾಡುವ ಗಣಕಫಲಕಗಳು, ತಂತಿಯ ವಿದ್ಯುತ್ತನ್ನು ೪೮ ವೋಲ್ಟಿನ ನೇರ ಪ್ರವಾಹವಾಗಿ ತಿರುಗಿಸುವ ರೆಕ್ಟಿಫೈಯರು, ಬ್ಯಾಟರಿಗಳ ಸಾಲು, ಇವೆಲ್ಲವನ್ನೂ ತಂಪಾಗಿಡಲು ಹಗಲಿರುಳೂ ಓಡುವ ಏರ್ ಕಂಡೀಷನರು. ಹಳೆಯ ಮಾದರಿಯ ಗೋಪುರದ ಕೋಣೆಯಲ್ಲಿ ಇಷ್ಟೂ ಇದ್ದುವು. ಅಂತಹ ಗೋಪುರವೊಂದಕ್ಕೆ ಎಡೆಬಿಡದೆ ೩ರಿಂದ ೪ ಕಿಲೋವಾಟ್ ವಿದ್ಯುಚ್ಛಕ್ತಿಯು ಬೇಕಾಗುತ್ತಿತ್ತು. ತಂತಿಯಲ್ಲಿ ವಿದ್ಯುತ್ತು ಇಲ್ಲದಾಗ ೧೦ ಅಥವಾ ೧೫ ಕೆ.ವಿ.ಎ. ಜನರೇಟರು ಗಂಟೆಗೆ ೨ ಲೀಟರಿನಷ್ಟು ಡೀಸೆಲ್ ಕುಡಿದು ಇದನ್ನು ಒದಗಿಸುವುದು.

ಈ ಲೆಕ್ಕವನ್ನು ನಿಧಾನವಾಗಿ ಹಾಕಿ ನೋಡಿದರೆ ಯಾವ ಗೃಹಸ್ಥನಿಗೂ ಮನಸ್ಸು ಕುಂದುವುದು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು ೧೦ ಯೂನಿಟ್ಟಿನಷ್ಟು ಶಾಖವಿದೆ. ಎರಡು ಲೀಟರಿಗೆ ೨೦. ಇದರಿಂದ ಗೋಪುರಕ್ಕೆ ದಕ್ಕಿದ ವಿದ್ಯುತ್ತು ಹೆಚ್ಚೆಂದರೆ ೪ ಯೂನಿಟ್. ಉಳಿದ ೧೬ ಯೂನಿಟ್ ಹೊಗೆಯಾಗಿ, ಬಿಸಿಯಾಗಿ, ಸದ್ದಾಗಿ ಬೀದಿಗೆ ಹೋಯಿತು. ಇಷ್ಟು ನಷ್ಟಕ್ಕೆ ಒಂದು ಕಾರಣವು ಜನರೇಟರಿನ ಗಾತ್ರ. ೪ ಕಿಲೋವಾಟಿನ ಹೊರೆಯನ್ನು ಹೊರಲು ೧೨ ಕಿಲೋವಾಟಿನ ಯಂತ್ರವನ್ನು ತಂದು ನಿಲ್ಲಿಸಿದರೆ ಅದು ಅರೆಹೊಟ್ಟೆಯಲ್ಲಿ ದುಡಿಯುವುದು. ಅರೆಹೊಟ್ಟೆಯ ಯಂತ್ರವು ಹೆಚ್ಚು ತಿಂದು ಕಡಿಮೆ ಕೊಡುವುದು, ಹೊಗೆಯನ್ನೂ ಹೆಚ್ಚು ಕಾರುವುದು. ದಕ್ಕಿದ ನಾಲ್ಕರಲ್ಲಿ ತಂಪಿನ ಯಂತ್ರವು ದೊಡ್ಡದೊಂದು ಪಾಲನ್ನು ಕಸಿದುಕೊಳ್ಳುವುದು. ಆ ಯಂತ್ರದ ಕೆಲಸವೇನು? ಉಳಿದ ಯಂತ್ರಗಳು ವ್ಯರ್ಥಮಾಡಿದ ವಿದ್ಯುತ್ತು ಬಿಸಿಯಾಗಿರುವುದಷ್ಟೆ. ಆ ಬಿಸಿಯನ್ನು ಮತ್ತಷ್ಟು ವಿದ್ಯುತ್ತು ವ್ಯಯಮಾಡಿ ಹೊರಗೆ ದೂಡುವುದು! ರೆಕ್ಟಿಫೈಯರಿನಲ್ಲಿ ಸ್ವಲ್ಪ, ಉದ್ದವಾದ ತಂತಿಗಳಲ್ಲಿ ಸ್ವಲ್ಪ, ಆಂಪ್ಲಿಫೈಯರಿನಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಸೋರಿಹೋಗಿ, ಕಡೆಗೆ ಆಂಟೆನಾದಿಂದ ಅಲೆಯಾಗಿ ಹೊರಡುವುದು ಕೆಲವು ನೂರು ವಾಟ್. ಡೀಸೆಲ್ ಪೀಪಾಯಿಯಿಂದ ಆಕಾಶದ ವರೆಗೆ ಸ್ಥೂಲವಾಗಿ ಲೆಕ್ಕ ಹಾಕಿದರೆ ನೂರಕ್ಕೆ ಎರಡು ಪಾಲು ಮುಟ್ಟುವುದೂ ಕಷ್ಟ. ಗುಡ್ಡವನ್ನು ಅಗೆದು ಇಲಿಯನ್ನು ಹಿಡಿದರೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಇಂತಹ ಗೋಪುರಗಳು ಒಂದೆರಡಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ ಟ್ರಾಯ್, ೨೦೧೧ರಲ್ಲಿ ಹಸಿರು ದೂರಸಂಪರ್ಕವನ್ನು ಕುರಿತು ವಿಚಾರಣೆ ನಡೆಸಿದಾಗ ಭಾರತದಲ್ಲಿ ೩ ಲಕ್ಷ ೧೦ ಸಾವಿರ ಗೋಪುರಗಳೂ, ಅವುಗಳಿಗೆ ವರ್ಷಕ್ಕೆ ಸುಮಾರು ೨೦೦ ಕೋಟಿ ಲೀಟರ್ ಡೀಸೆಲ್ಲೂ ಲೆಕ್ಕಕ್ಕೆ ಬಂದುವು. ಬೇಕಾದ ವಿದ್ಯುತ್ತಿನಲ್ಲಿ ನೂರಕ್ಕೆ ೪೦ ಪಾಲು ಮಾತ್ರ ತಂತಿಯಿಂದ ಬರುವುದು, ೬೦ ಪಾಲು ಡೀಸೆಲ್ಲಿನಿಂದ ಎಂದು ಆಗ ಹೇಳಲಾಯಿತು. ಭಾಗಿಸಿ ನೋಡಿದರೆ ಗೋಪುರವೊಂದಕ್ಕೆ ದಿನಕ್ಕೆ ಹದಿನೇಳು ಹದಿನೆಂಟು ಲೀಟರ್. ಗಂಟೆಗೆ ೨ ಲೀಟರಿನಂತೆ ದಿನವೂ ಒಂಬತ್ತು ಗಂಟೆಯ ಹೊಗೆ. ಒಂದು ಲೀಟರ್ ಉರಿದರೆ ೨.೬೩ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹುಟ್ಟುವುದರಿಂದ, ವರ್ಷಕ್ಕೆ ೫೨ ಲಕ್ಷ ಟನ್ನುಗಳಿಗೂ ಮೀರಿದ ಹೊರೆಯು ಈ ಒಂದು ಮೂಲದಿಂದಲೇ ಗಾಳಿಗೆ ಸೇರುತ್ತಿತ್ತು.

ಆ ಡೀಸೆಲ್ಲಿನ ಬೆಲೆಯನ್ನು ಕೊಡುತ್ತಿದ್ದವರಾರು? ರೈತನ ಪಂಪಿಗೂ ಬಡವರ ಬಸ್ಸಿಗೂ ಅನುಕೂಲವಾಗಲೆಂದು ಸರ್ಕಾರವು ಡೀಸೆಲ್ಲನ್ನು ಅಗ್ಗದಲ್ಲಿ ಮಾರಿಸಿ, ವ್ಯತ್ಯಾಸವನ್ನು ಬೊಕ್ಕಸದಿಂದ ತುಂಬುತ್ತಿದ್ದ ಕಾಲವದು. ೨೦೧೩ರ ಜನವರಿಯಲ್ಲಿ ಸಗಟಾಗಿ ಕೊಳ್ಳುವವರಿಗೆ ಬೇರೆ ದರವನ್ನು ಗೊತ್ತುಮಾಡಿದರು. ೨೦೧೪ರ ಅಕ್ಟೋಬರಿನಲ್ಲಿ ದರದ ಮೇಲಿನ ಹಿಡಿತವನ್ನು ಪೂರ್ತಿಯಾಗಿ ಬಿಟ್ಟರು. ಅಲ್ಲಿಯ ವರೆಗೆ ರೈತನ ಹೆಸರಿನ ಸಹಾಯಧನವು ಗೋಪುರಗಳ ಬುಡದಲ್ಲಿಯೂ ಹೊಗೆಯಾಗಿ ಹೋಯಿತು. ಕ್ಯಾನು ಹಿಡಿದು ಬಂಕಿಗೆ ಬಂದವನನ್ನು ಇವನು ಒಕ್ಕಲಿಗನೋ ಗೋಪುರದ ಆಳೋ ಎಂದು ವಿಚಾರಿಸುವ ಪದ್ಧತಿಯು ಯಾವ ಬಂಕಿನಲ್ಲಿ ತಾನೇ ಇತ್ತು?

ಸರ್ಕಾರವು ಸುಮ್ಮನಿರಲಿಲ್ಲವೆಂದು ಅದರ ಪಕ್ಷದವರು ಹೇಳುವರು. ಅಹುದು, ಸುಮ್ಮನಿರಲಿಲ್ಲ. ೨೦೧೨ರ ಜನವರಿ ೪ರಂದು ದೂರಸಂಪರ್ಕ ಇಲಾಖೆಯು ಒಂದು ಆಜ್ಞೆಯನ್ನು ಹೊರಡಿಸಿತು. ೨೦೧೫ರೊಳಗಾಗಿ ಹಳ್ಳಿಗಾಡಿನ ಗೋಪುರಗಳಲ್ಲಿ ನೂರಕ್ಕೆ ೫೦, ಪಟ್ಟಣದವುಗಳಲ್ಲಿ ನೂರಕ್ಕೆ ೨೦, ತಂತಿಯ ವಿದ್ಯುತ್ತಿನೊಡನೆ ಸೂರ್ಯ, ಗಾಳಿ ಮೊದಲಾದ ಅಕ್ಷಯ ಮೂಲಗಳನ್ನು ಕೂಡಿಸಿಕೊಂಡು ನಡೆಯಬೇಕು. ೨೦೨೦ರೊಳಗಾಗಿ ಈ ಸಂಖ್ಯೆಗಳು ೭೫ಕ್ಕೂ ೩೩ಕ್ಕೂ ಏರಬೇಕು. ಕಂಪನಿಗಳು ಆರು ತಿಂಗಳಿಗೊಮ್ಮೆ ತಮ್ಮ ಇಂಗಾಲದ ಲೆಕ್ಕವನ್ನು ಟ್ರಾಯ್‌ಗೆ ಒಪ್ಪಿಸಬೇಕು. ಎಷ್ಟು ಸ್ಪಷ್ಟವಾದ ಆಜ್ಞೆ! ೨೦೧೫ ಬಂದಿತು, ಹೋಯಿತು. ಹಳ್ಳಿಯ ಗೋಪುರಗಳಲ್ಲಿ ಅರ್ಧ ಭಾಗವು ಸೂರ್ಯನನ್ನು ಕಾಣಲಿಲ್ಲ. ಆಜ್ಞೆಯನ್ನು ನಡೆಸದವರಿಗೆ ಶಿಕ್ಷೆಯಾಗುವುದರ ಬದಲು ಆಜ್ಞೆಯ ಅಳತೆಗೋಲೇ ಬದಲಾಯಿತು. ೨೦೧೭ರ ಅಕ್ಟೋಬರಿನಲ್ಲಿ ಟ್ರಾಯ್ ಹೊಸ ಶಿಫಾರಸನ್ನು ಮಾಡಿ, ಗೋಪುರಗಳನ್ನು ಎಣಿಸುವುದು ಬೇಡ. ೨೦೧೧-೧೨ನ್ನು ಆಧಾರ ವರ್ಷವಾಗಿಟ್ಟುಕೊಂಡು ಇಂಗಾಲದ ಹೊರೆಯನ್ನು ೨೦೧೯-೨೦ರೊಳಗೆ ನೂರಕ್ಕೆ ೩೦, ೨೦೨೨-೨೩ರೊಳಗೆ ನೂರಕ್ಕೆ ೪೦ ಇಳಿಸಿದರೆ ಸಾಕು ಎಂದಿತು.

ಮೇಲುನೋಟಕ್ಕೆ ಇದು ವಿವೇಕದ ಮಾತು. ಯಾವ ಮಾರ್ಗದಿಂದಾದರೇನು, ಹೊಗೆಯು ಕಡಮೆಯಾದರಾಯಿತಲ್ಲವೆ? ಆದರೆ ಒಳಗಿರುವ ಸೂಕ್ಷ್ಮವನ್ನು ಗಮನಿಸಬೇಕು. ಊರಿನ ಹೊರಗಣ ಗೋಪುರದ ಬಳಿ ಸೌರಫಲಕವು ಇದೆಯೋ ಇಲ್ಲವೋ ಎಂಬುದನ್ನು ದನ ಕಾಯುವ ಹುಡುಗನೂ ನೋಡಿ ಹೇಳಬಲ್ಲನು. ದೇಶವ್ಯಾಪಿಯಾದ ಜಾಲದ ಇಂಗಾಲವು ಶೇಕಡ ಎಷ್ಟು ಇಳಿಯಿತೆಂಬುದನ್ನು ಕಂಪನಿಯ ಲೆಕ್ಕಿಗನು ಮಾತ್ರ ಹೇಳಬಲ್ಲನು. ಅವನು ಹೇಳಿದುದನ್ನು ನಂಬುವುದಲ್ಲದೆ ಊರವರಿಗೆ ಬೇರೆ ದಾರಿಯಿಲ್ಲ. ಎಲ್ಲರೂ ಎಣಿಸಬಹುದಾದ ಗುರಿಯನ್ನು ತೆಗೆದು, ಆಪಾದಿತನೇ ಎಣಿಸಿ ಒಪ್ಪಿಸುವ ಗುರಿಯನ್ನು ಇಟ್ಟರೆ ಅದು ಸುಧಾರಣೆಯೆನಿಸದು.

ಕಂಪನಿಗಳ ಪೂರ್ವಪಕ್ಷವನ್ನೂ ಕೇಳತಕ್ಕದ್ದೇ. ಅವರ ಮೊದಲನೆಯ ಮಾತು ಬಡವನ ಹೆಸರಿನಲ್ಲಿ ಬರುವುದು. ಈ ದೇಶದಲ್ಲಿ ಮಾತು ಅಗ್ಗ, ಅಂಕಿಯ ಸಂಚಾರವು ಇನ್ನೂ ಅಗ್ಗ; ಸೌರಫಲಕಗಳ ವೆಚ್ಚವನ್ನು ಹೇರಿದರೆ ದರವು ಏರಿ ಬಡವನ ಫೋನು ಮೂಕವಾಗುವುದು ಎನ್ನುವರು. ಡೀಸೆಲ್ಲಿನ ವಿದ್ಯುತ್ತು ತಂತಿಯ ವಿದ್ಯುತ್ತಿಗಿಂತ ಹಲವು ಪಟ್ಟು ದುಬಾರಿಯೆಂಬುದನ್ನು ತಾವೇ ಒಪ್ಪುವವರು ಈ ಮಾತನ್ನು ಹೇಗೆ ಆಡುವರೋ ತಿಳಿಯದು. ದುಬಾರಿಯಾದುದನ್ನು ಬಿಡಿರೆಂದರೆ ದರ ಏರುವುದೆ? ಗುಟ್ಟು ಬೇರೆಯಿದೆ. ಗೋಪುರವನ್ನು ಕಟ್ಟಿ ಕಾಯುವ ಕಂಪನಿ ಒಂದು, ಅದರಲ್ಲಿ ಬಾಡಿಗೆಗೆ ಇದ್ದು ಸೇವೆಯನ್ನು ಮಾರುವ ಕಂಪನಿ ಇನ್ನೊಂದು. ಗೋಪುರದ ಕಂಪನಿಗಳ ಲೆಕ್ಕಪತ್ರಗಳಲ್ಲಿ ಬಾಡಿಗೆಯ ಆದಾಯಕ್ಕೆ ಒಂದು ಸಾಲಿದ್ದರೆ, ಇಂಧನದ ವೆಚ್ಚವನ್ನು ಬಾಡಿಗೆದಾರರಿಂದ ವಸೂಲು ಮಾಡಿದುದಕ್ಕೆ ಬೇರೊಂದು ಸಾಲಿರುವುದು. ಹಣವು ಈ ಕೈಯಿಂದ ಬಂದು ಆ ಕೈಗೆ ಹೋಗುವಾಗ ಉಳಿಸುವ ಉತ್ಸಾಹವು ಯಾರಿಗೆ? ಉರಿಸುವವನು ಒಬ್ಬ, ತೆರುವವನು ಇನ್ನೊಬ್ಬ, ಕಡೆಗೆ ಕೊಡುವವನು ಊರಿನ ಗಿರಾಕಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನಡುವೆ ಕ್ಯಾನುಗಳಲ್ಲಿ ಸಾಗುವ ಡೀಸೆಲ್ಲಿನಲ್ಲಿ ಎಷ್ಟು ಗೋಪುರವನ್ನು ಮುಟ್ಟುವುದು, ಎಷ್ಟು ದಾರಿಯಲ್ಲಿಯೇ ಬೇರೆ ಹೊಟ್ಟೆಗಳನ್ನು ಸೇರುವುದು ಎಂಬುದು ಆ ಉದ್ಯಮದವರೇ ಮರುಗುತ್ತ ಬಂದಿರುವ ಹಳೆಯ ಕಥೆ.

ಅವರ ಎರಡನೆಯ ಮಾತಿನಲ್ಲಿ ಸತ್ಯಾಂಶವುಂಟು. ನೆಲವೆಲ್ಲಿದೆ ಎಂದು ಕೇಳುವರು. ೪ ಕಿಲೋವಾಟಿನ ಹೊರೆಯು ಹಗಲಿರುಳೂ ಇದ್ದರೆ ದಿನಕ್ಕೆ ೯೬ ಯೂನಿಟ್ ಬೇಕು. ಒಂದು ಕಿಲೋವಾಟಿನ ಸೌರಫಲಕವು ದಿನಕ್ಕೆ ಸುಮಾರು ೪ ಯೂನಿಟ್ ಕೊಡುವುದೆಂದರೆ ೨೪ ಕಿಲೋವಾಟಿನ ಫಲಕಗಳು ಬೇಕು. ಅವುಗಳನ್ನು ಹಾಸಲು ಇನ್ನೂರು ಚದರ ಮೀಟರಿನ ಮೇಲೆ ಜಾಗ. ಬೆಂಗಳೂರಿನ ಮನೆಯೊಂದರ ತಾರಸಿಯ ಮೇಲೆ ನಿಂತ ಗೋಪುರಕ್ಕೆ ಇದು ಸರ್ವಥಾ ಸಾಧ್ಯವಲ್ಲ. ಆಗುಂಬೆಯ ಆಷಾಢದಲ್ಲಿ ಸೂರ್ಯನ ಮುಖವನ್ನೇ ಕಾಣದವರಿಗೂ ಈ ಉಪದೇಶವು ನಿಲ್ಲದು. ಆದರೆ ಈ ಲೆಕ್ಕವು ಹೊರೆಯನ್ನು ಇದ್ದಂತೆಯೇ ಇರಿಸಿಕೊಂಡು ಹಾಕಿದ ಲೆಕ್ಕ. ಯಂತ್ರಗಳನ್ನು ಕೋಣೆಯಿಂದ ಹೊರಗೆ ತಂದು ಗಾಳಿಯಲ್ಲಿಯೇ ತಣಿಯುವಂತೆ ಮಾಡಿದರೆ ತಂಪಿನ ಯಂತ್ರವೇ ಬೇಡ. ಆಂಪ್ಲಿಫೈಯರನ್ನು ತುದಿಗೇ ಏರಿಸಿ ಆಂಟೆನಾದ ಪಕ್ಕದಲ್ಲಿಟ್ಟರೆ ಉದ್ದ ತಂತಿಯ ಸೋರಿಕೆಯು ನಿಲ್ಲುವುದು. ಇವು ಕನಸಿನ ಮಾತಲ್ಲ. ಈಚಿನ ಗೋಪುರಗಳನ್ನು ಹಾಗೆಯೇ ಕಟ್ಟುತ್ತಿರುವರು. ಹೊರೆಯು ೪ರಿಂದ ೧.೫ ಕಿಲೋವಾಟಿಗೆ ಇಳಿದರೆ ಫಲಕವೂ ೨೪ರಿಂದ ೯ಕ್ಕೆ ಇಳಿಯುವುದು. ಪಟ್ಟಣದ ಗೋಪುರವು ತಾರಸಿಯ ಮೇಲೆಯೇ ಬಿಸಿಲನ್ನು ಹಿಡಿಯಬೇಕೆಂದು ಯಾರು ಹೇಳಿದರು? ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨೦೫೦ ಮೆಗಾವಾಟಿನ ಸೌರಕ್ಷೇತ್ರವು ೨೦೧೯ರಲ್ಲಿಯೇ ಪೂರ್ಣವಾಯಿತು. ಅಂತಹ ವಿದ್ಯುತ್ತನ್ನು ತಂತಿಯ ಮೂಲಕ ಕೊಳ್ಳುವ ಹಕ್ಕು ಹಿಂದೆ ೧ ಮೆಗಾವಾಟಿನ ದೊಡ್ಡ ಗಿರಾಕಿಗಳಿಗೆ ಮಾತ್ರವಿತ್ತು. ಕೇಂದ್ರ ಸರ್ಕಾರದ ೨೦೨೨ರ ಜೂನಿನ ನಿಯಮವು ಅದನ್ನು ೧೦೦ ಕಿಲೋವಾಟಿಗೆ ಇಳಿಸಿತು; ೨೦೨೩ರ ತಿದ್ದುಪಡಿಯು ಒಂದೇ ವಿದ್ಯುತ್ ವಿಭಾಗದಲ್ಲಿರುವ ಸಣ್ಣ ಸಣ್ಣ ಸಂಪರ್ಕಗಳನ್ನು ಕೂಡಿಸಿ ೧೦೦ ಎಂದು ತೋರಿಸಲು ಅವಕಾಶವಿತ್ತಿತು. ೨೫ ಗೋಪುರಗಳು ಕೂಡಿದರೆ ನೂರಾಯಿತು. ಬಾಗಿಲು ತೆರೆದಿದೆ, ಒಳಗೆ ಕಾಲಿಡುವ ಮನಸ್ಸು ಬೇಕು.

ಹಳ್ಳಿಗಾಡಿನ ವಿಷಯದಲ್ಲಿ ಈ ನಾಡಿನ ಚರಿತ್ರೆಯೇ ಒಂದು ಪಾಠವನ್ನಿಟ್ಟುಕೊಂಡಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ತೊಡಗಿದ ಶಿವನಸಮುದ್ರದ ಯೋಜನೆಯು ೧೯೦೨ರಲ್ಲಿ ಫಲಿಸಿದಾಗ ಅಲ್ಲಿಯ ವಿದ್ಯುತ್ತು ಮೊದಲು ಹೋದುದು ಬೆಂಗಳೂರಿಗೂ ಅಲ್ಲ, ಮೈಸೂರಿನ ಅರಮನೆಗೂ ಅಲ್ಲ; ತೊಂಬತ್ತು ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ. ಎಡೆಬಿಡದೆ ಕೊಂಡು ಕ್ರಮವಾಗಿ ಹಣ ತೆರುವ ದೊಡ್ಡ ಗಿರಾಕಿಯೊಬ್ಬನು ದೊರೆತುದರಿಂದಲೇ ಅಷ್ಟು ದೊಡ್ಡ ಬಂಡವಾಳವನ್ನು ಹೂಡುವ ಧೈರ್ಯವು ಸಂಸ್ಥಾನಕ್ಕೆ ಬಂದಿತು. ಮೂರು ವರ್ಷಗಳ ಅನಂತರ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳು ಬೆಳಗಿದುವು. ಇಂದು ತಂತಿ ಸರಿಯಾಗಿಲ್ಲದ ಹಳ್ಳಿಯಲ್ಲಿ ಹಗಲಿರುಳೂ ಕೊಂಡು ತಪ್ಪದೆ ಹಣ ಕೊಡಬಲ್ಲ ಗಿರಾಕಿ ಯಾರು? ಗೋಪುರವೇ. ಉತ್ತರ ಪ್ರದೇಶ, ಬಿಹಾರಗಳ ಕೆಲವು ಹಳ್ಳಿಗಳಲ್ಲಿ ಗೋಪುರವನ್ನು ಮುಖ್ಯ ಗಿರಾಕಿಯಾಗಿಟ್ಟುಕೊಂಡು ಸಣ್ಣ ಸೌರಸ್ಥಾವರಗಳನ್ನು ಕಟ್ಟಿ, ಮಿಕ್ಕ ವಿದ್ಯುತ್ತನ್ನು ಅಂಗಡಿಗಳಿಗೂ ಹಿಟ್ಟಿನ ಗಿರಣಿಗಳಿಗೂ ಮನೆಗಳಿಗೂ ಕೊಟ್ಟುದುಂಟು. ಚಿನ್ನದ ಗಣಿಯು ಬೆಂಗಳೂರಿಗೆ ಮಾಡಿದ ಉಪಕಾರವನ್ನು ಗೋಪುರವು ಹಳ್ಳಿಗೆ ಮಾಡಬಹುದಾಗಿತ್ತು. ಹೆಚ್ಚಿನ ಕಡೆಗಳಲ್ಲಿ ಅದು ತನ್ನ ಬೇಲಿಯೊಳಗೆ ತನ್ನ ಜನರೇಟರನ್ನು ಉರಿಸಿಕೊಂಡು, ಹಳ್ಳಿಗೆ ಸದ್ದನ್ನೂ ಹೊಗೆಯನ್ನೂ ಮಾತ್ರ ಹಂಚಿತು.

ಈ ಹದಿನೈದು ವರ್ಷಗಳಲ್ಲಿ ಸ್ಥಿತಿಯು ಸುಧಾರಿಸಿಲ್ಲವೆಂದರೆ ಸುಳ್ಳಾದೀತು. ತಂತಿಯ ವಿದ್ಯುತ್ತು ಮೊದಲಿಗಿಂತ ಎಷ್ಟೋ ನೆಚ್ಚತಕ್ಕದ್ದಾಗಿದೆ, ಸೀಸದ ಬ್ಯಾಟರಿಗಳ ಸ್ಥಾನಕ್ಕೆ ಲಿಥಿಯಂ ಬ್ಯಾಟರಿಗಳು ಬರುತ್ತಿವೆ. ಜನರೇಟರನ್ನೇ ತೆಗೆದುಹಾಕಿದ ಗೋಪುರಗಳೂ ಅನೇಕ. ಆದರೆ ಈ ಸುಧಾರಣೆಯಲ್ಲಿ ಬಹುಪಾಲು ವಿದ್ಯುತ್ ಸರಬರಾಜಿನವರ ಪುಣ್ಯ. ಇತ್ತ ಗೋಪುರಗಳ ಸಂಖ್ಯೆಯು ಸುಮಾರು ೮ ಲಕ್ಷಕ್ಕೆ ಏರಿದೆ. ೨೦೨೨ರ ಅಕ್ಟೋಬರ್ ೧ರಂದು ಐದನೆಯ ತಲೆಮಾರಿನ ಸೇವೆಯು ಉದ್ಘಾಟನೆಯಾದ ಮೇಲೆ ಎರಡು ಮೂರು ವರ್ಷಗಳಲ್ಲಿಯೇ ೪ ಲಕ್ಷಕ್ಕೂ ಮೀರಿದ ಹೊಸ ಬೇಸ್ ಸ್ಟೇಷನ್ನುಗಳು ಹಳೆಯ ಗೋಪುರಗಳ ಮೇಲೆಯೇ ಬಂದು ಕುಳಿತುವು. ಹಳೆಯವುಗಳನ್ನು ಇಳಿಸಿ ಇವುಗಳನ್ನು ಏರಿಸಿದರೆಂದು ಭಾವಿಸಬಾರದು. ಎರಡನೆಯ, ನಾಲ್ಕನೆಯ, ಐದನೆಯ ತಲೆಮಾರುಗಳು ಅವಿಭಕ್ತ ಕುಟುಂಬದಂತೆ ಒಂದೇ ಕಂಬದಲ್ಲಿ ಉಣ್ಣುತ್ತಿವೆ.

ಹೊಸ ಯಂತ್ರವು ಮಿತವ್ಯಯಿಯೆಂಬುದು ಈಗಿನ ಹೊಗಳಿಕೆ. ಒಂದೊಂದು ಅಂಕಿಯನ್ನು ಸಾಗಿಸಲು ಅದು ಕಡಮೆ ವಿದ್ಯುತ್ತನ್ನು ಬಳಸುವುದು ನಿಶ್ಚಯ. ಆದರೆ ಕಲ್ಲಿದ್ದಲನ್ನು ಮಿತವಾಗಿ ಸುಡುವ ಉಗಿಯಂತ್ರವು ಬಂದಾಗ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ವೆಚ್ಚವು ಇಳಿಯದೆ ಏರಿತೆಂಬುದನ್ನು ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞನು ೧೮೬೫ರಲ್ಲಿಯೇ ತೋರಿಸಿಕೊಟ್ಟನು. ಅದೇ ಸಂಗತಿಯು ಇಲ್ಲಿಯೂ ನಡೆಯುತ್ತಿದೆ. ಅಗ್ಗವಾದಷ್ಟೂ ಬಳಕೆ, ಭಾರತದ ಗಿರಾಕಿಯೊಬ್ಬನು ತಿಂಗಳಿಗೆ ಸರಾಸರಿ ೨೦ ಜಿ.ಬಿ.ಗೂ ಮೀರಿ ಖರ್ಚುಮಾಡುತ್ತಿರುವನು. ಅದರಲ್ಲಿ ಎಷ್ಟು ಪಾಲು ಅವನು ಕೇಳದೆಯೇ ತಾನಾಗಿ ಓಡುವ ಚಿತ್ರಗಳೆಂಬುದನ್ನು ಅವನೇ ಯೋಚಿಸಿಕೊಳ್ಳಲಿ.

ಇದಕ್ಕಿಂತಲೂ ಅನ್ಯಾಯವಾದುದು, ಯಾರೂ ಮಾತನಾಡದಿರುವಾಗಲೂ ಯಂತ್ರವು ನುಡಿಯುತ್ತಲೇ ಇರುವುದು. ನಾಲ್ಕನೆಯ ತಲೆಮಾರಿನ ಗೋಪುರವು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೊಮ್ಮೆ 'ಇಲ್ಲಿದ್ದೇನೆ' ಎಂಬ ಸಂಕೇತವನ್ನು ಸಾರಬೇಕೆಂದು ಅದರ ಸೂತ್ರಕಾರರು ವಿಧಿಸಿದರು. ನಡುರಾತ್ರಿ ಎರಡು ಗಂಟೆಗೆ ಊರೆಲ್ಲ ಮಲಗಿರುವಾಗ, ಕೇಳುವ ಕಿವಿಯೊಂದೂ ಇಲ್ಲದಿರುವಾಗ, ಅದು ಸಾರುತ್ತಲೇ ಇರುವುದು. ಹಗಲಿನ ವಿದ್ಯುತ್ತಿನಲ್ಲಿ ದೊಡ್ಡದೊಂದು ಪಾಲನ್ನು ಉಣ್ಣುತ್ತಲೇ ಇರುವುದು. ಐದನೆಯ ತಲೆಮಾರಿನಲ್ಲಿ ಸಾಮಾನ್ಯವಾಗಿ ೨೦ ಮಿಲಿಸೆಕೆಂಡಿಗೊಮ್ಮೆ, ಬೇಕಾದರೆ ೧೬೦ ಮಿಲಿಸೆಕೆಂಡಿಗೊಮ್ಮೆ ಸಾರಿದರೆ ಸಾಕೆಂದು ವಿಧಿಯನ್ನು ಸಡಿಲಿಸಿದರು. ನಡುವಣ ಅವಕಾಶದಲ್ಲಿ ಯಂತ್ರವು ನಿದ್ರಿಸಬಹುದು. ಚೀನ ದೇಶದ ಲುವೋಯಾಂಗ್ ನಗರದಲ್ಲಿ ೨೦೨೦ರಲ್ಲಿ ಒಂದು ಕಂಪನಿಯು ತನ್ನ ಐದನೆಯ ತಲೆಮಾರಿನ ಸ್ಟೇಷನ್ನುಗಳನ್ನು ರಾತ್ರಿ ೯ರಿಂದ ಬೆಳಗ್ಗೆ ೯ರ ವರೆಗೆ ನಿದ್ರೆಗೆ ಹಾಕಿದುದು ಸುದ್ದಿಯಾಯಿತು. ವಿದ್ಯುತ್ತಿನ ಬಿಲ್ಲನ್ನು ತಾಳಲಾರದೆ ಮಾಡಿದ ಕೆಲಸವದು, ಪರಿಸರಪ್ರೇಮದಿಂದಲ್ಲ. ಬಿಲ್ಲು ಕಣ್ಣಿಗೆ 'ಕಾಣುವಲ್ಲಿ' ಯಂತ್ರಕ್ಕೆ ನಿದ್ರೆ ಬರುವುದು.

ಇನ್ನು ಮಲೆನಾಡಿನವರಿಗೆ ಈ ಚರ್ಚೆಯೆಲ್ಲ ಬೇರೊಂದು ಬಗೆಯಲ್ಲಿ ಕೇಳಿಸೀತು. ಶ್ರಾವಣದ ಗಾಳಿಗೆ ಮರವುರುಳಿ ತಂತಿ ಕಡಿದರೆ ಎರಡು ದಿನ, ಮೂರು ದಿನ ವಿದ್ಯುತ್ತು ಇಲ್ಲ. ಗೋಪುರದ ಬ್ಯಾಟರಿಯು ಮುಪ್ಪಾಗಿ ಕೆಲವು ಗಂಟೆಗಳಲ್ಲಿಯೇ ಮುಗಿಯುವುದು. ಡೀಸೆಲ್ ತರುವವನು ಹಳ್ಳ ತುಂಬಿತೆಂದೋ, ಹಳೆಯ ಬಾಕಿ ಬಂದಿಲ್ಲವೆಂದೋ ಬರುವುದಿಲ್ಲ. ಗೋಪುರವು ಆಕಾಶಕ್ಕೆ ಬೆರಳು ತೋರಿಸಿಕೊಂಡು ಮೂಕವಾಗಿ ನಿಲ್ಲುವುದು. ಹಾವು ಕಚ್ಚಿದವನ ಮನೆಯವರು ೧೦೮ಕ್ಕೆ ಕರೆಮಾಡಲು ಗುಡ್ಡ ಹತ್ತಬೇಕಾಗುವುದು. ಅವರಿಗೆ ಡೀಸೆಲ್ಲಿನ ಹೊಗೆಯಾದರೂ ಇದ್ದರೆ ಸಾಕಿತ್ತೆನಿಸಿದರೆ ಆಶ್ಚರ್ಯವಲ್ಲ. ಆದರೆ ಈ ಕಷ್ಟವೂ ಆ ಹೊಗೆಯೂ ಬೇರೆ ಬೇರೆ ರೋಗಗಳಲ್ಲ. ಕಡಿಮೆ ತಿನ್ನುವ ಯಂತ್ರ, ಹೊಸ ಬ್ಯಾಟರಿ, ಮೋಡದಲ್ಲಿಯೂ ಅಷ್ಟಿಷ್ಟು ಕೊಡುವ ಫಲಕಗಳು ಇದ್ದಲ್ಲಿ ಅದೇ ಗೋಪುರವು ಮೂರು ದಿನ ಉಸಿರು ಹಿಡಿದೀತು. ೪ ಕಿಲೋವಾಟ್ ತಿನ್ನುವ ಗೋಪುರಕ್ಕೆ ಮೂರು ದಿನದ ಬುತ್ತಿಯನ್ನು ಯಾವ ಬ್ಯಾಟರಿಯೂ ಕಟ್ಟಿಕೊಡಲಾರದು. ಇನ್ನೂ ಸಂಪರ್ಕವಿಲ್ಲದ ೨೪,೬೮೦ ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಸೇವೆಯನ್ನು ಒಯ್ಯಲು ಕೇಂದ್ರ ಸಂಪುಟವು ೨೦೨೨ರ ಜುಲೈಯಲ್ಲಿ ೨೬,೩೧೬ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಆ ಹಳ್ಳಿಗಳಲ್ಲಿ ಬಹಳಷ್ಟು ಕಾಡಿನಲ್ಲಿಯೂ ಗುಡ್ಡದಲ್ಲಿಯೂ ಇರುವುವು. ಅಲ್ಲಿ ಗೋಪುರವನ್ನು ನಿಲ್ಲಿಸುವುದು ಸಾರ್ವಜನಿಕರ ಹಣ. ಗೋಪುರವು ಏನನ್ನು ತಿಂದು ಬದುಕಬೇಕೆಂದು ಕೇಳುವ ಹಕ್ಕೂ ಸಾರ್ವಜನಿಕರದೇ.

ಮನವಿಪತ್ರ ಬರೆಯುವವರು ಇನ್ನು ಮುಂದೆ ಏನನ್ನು ಕೇಳಬೇಕು? ೨೦೧೭ರ ಮೇ ತಿಂಗಳಲ್ಲಿ ಸರ್ಕಾರವು 'ತರಂಗ ಸಂಚಾರ' ಎಂಬ ಅಂತರಜಾಲದ ತಾಣವನ್ನು ತೆರೆಯಿತು. ಯಾವ ಊರಿನ ಯಾವ ಗೋಪುರವು ವಿಕಿರಣದ ಮಿತಿಯೊಳಗಿದೆಯೆಂಬುದನ್ನು ಮನೆಯಲ್ಲಿ ಕುಳಿತೇ ಅಲ್ಲಿ ನೋಡಬಹುದು. ೪,೦೦೦ ರೂಪಾಯಿ ಕಟ್ಟಿದರೆ ಅಧಿಕಾರಿಗಳೇ ಬಂದು ಅಳೆದು ತೋರಿಸುವರು. ತುದಿಯ ಸಂದೇಹಕ್ಕೆ ಇಷ್ಟು ಏರ್ಪಾಡಾಗಿದೆ. ಅದೇ ತಾಣದಲ್ಲಿ, ಅದೇ ಗೋಪುರದ ಹೆಸರಿನ ಎದುರಿಗೆ ಇನ್ನು ಮೂರು ಅಂಕಣಗಳು ಬೇಕು: ಈ ತಿಂಗಳು ತಂತಿಯಿಂದ ಕೊಂಡ ಯೂನಿಟ್ಟುಗಳೆಷ್ಟು, ಉರಿಸಿದ ಡೀಸೆಲ್ ಎಷ್ಟು ಲೀಟರ್, ಗೋಪುರವು ಮೂಕವಾಗಿದ್ದುದು ಎಷ್ಟು ಗಂಟೆ. ಈ ಲೆಕ್ಕಗಳನ್ನು ಹೊಸದಾಗಿ ಹುಟ್ಟಿಸಬೇಕಾದುದಿಲ್ಲ. ಬಾಡಿಗೆದಾರರಿಂದ ಇಂಧನದ ಹಣವನ್ನು ವಸೂಲುಮಾಡುವ ಕಂಪನಿಯು ಪ್ರತಿಯೊಂದು ಗೋಪುರದ ಲೆಕ್ಕವನ್ನೂ ತಿಂಗಳು ತಿಂಗಳೂ ಬರೆದಿಟ್ಟೇ ಇರಬೇಕಷ್ಟೆ.